ಬೇಟೆಗಾರರ ಮಾತು, ಬಡಿಸುವವರ ಮಾತು

1508ರಲ್ಲಿ ಲಂಡನ್ನಿನ ಮುದ್ರಕ ವಿಂಕಿನ್ ಡಿ ವರ್ಡ್ ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿದ. ದೊಡ್ಡ ಮನೆಗಳಲ್ಲಿ ಒಡೆಯನ ಎದುರು ನಿಂತು ಮಾಂಸ ಕೊಯ್ದು ಬಡಿಸುವವನಿಗೆ ಪಾಠ ಹೇಳುವ ಪುಸ್ತಕ ಅದು. ಆರಂಭದಲ್ಲೇ ಕ್ರಿಯಾಪದಗಳ ಒಂದು ಪಟ್ಟಿ ಬರುತ್ತದೆ. ಜಿಂಕೆಗೆ ‘ಬ್ರೇಕ್’. ಹೆಬ್ಬಾತಿಗೆ ‘ರಿಯರ್’. ಹಂಸಕ್ಕೆ ‘ಲಿಫ್ಟ್’. ಬಕಪಕ್ಷಿಗೆ ‘ಡಿಸ್‌ಮೆಂಬರ್’, ಕ್ರೌಂಚಕ್ಕೆ ‘ಡಿಸ್‌ಪ್ಲೇ’, ನವಿಲಿಗೆ ‘ಡಿಸ್‌ಫಿಗರ್’. ಕಾಡುಬಾತಿಗೆ ‘ಅನ್‌ಬ್ರೇಸ್’, ಬಿಲದ ಮೊಲಕ್ಕೆ ‘ಅನ್‌ಲೇಸ್’. ಕೋಳಿಯಲ್ಲೂ ಭೇದವಿದೆ: ಹೇಂಟೆಗೆ ‘ಸ್ಪಾಯ್ಲ್’, ಮರಿಕೋಳಿಗೆ ‘ಫ್ರಶ್’, ಬೀಜ ತೆಗೆದು ಕೊಬ್ಬಿಸಿದ ಹುಂಜಕ್ಕೆ ‘ಸಾಸ್’. ಮೀನಿನ ಸರದಿ ಬಂದರೆ ಪೈಕ್ ಮೀನಿಗೆ ‘ಸ್ಪ್ಲ್ಯಾಟ್’, ಸಾಲ್ಮನ್ನಿಗೆ ‘ಚೈನ್’, ಸ್ಟರ್ಜನ್ನಿಗೆ ‘ಟ್ರಾಂಚ್’, ಏಡಿಗೆ ‘ಟೇಮ್’. ಇಷ್ಟೂ ಮಾತಿಗೆ ಅರ್ಥ ಒಂದೇ, ಕೊಯ್ದು ಬಡಿಸು ಎಂದು. ಹಂಸವನ್ನು ‘ಕಟ್’ ಮಾಡು ಅಂದವನಿಗೆ ಆ ಮನೆಯಲ್ಲಿ ಕೆಲಸ ಬರುವುದಿಲ್ಲ ಎಂದೇ ಲೆಕ್ಕ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ನಿಘಂಟಿನಲ್ಲಿ ‘ಈಗ ಬಳಕೆಯಲ್ಲಿಲ್ಲ’ ಎಂಬ ಗುರುತು ಹೊತ್ತ ಪದಗಳ ಮೇಲೆ ನನಗೆ ಮೊದಲಿನಿಂದ ಆಸೆ. ಆದರೆ ಅಲ್ಲೊಂದು ಇಲ್ಲೊಂದು ಸಿಕ್ಕ ಒಂಟಿ ಪದ ಹೆಚ್ಚೇನೂ ಹೇಳುವುದಿಲ್ಲ. ಒಂದೇ ಕೆಲಸಕ್ಕೆ ಸೇರಿದ ಹತ್ತಾರು ಪದಗಳು ಗುಂಪಾಗಿ ಸಿಕ್ಕಾಗ ಮಾತ್ರ ಅವುಗಳ ಹಿಂದೆ ಒಬ್ಬ ಮನುಷ್ಯ, ಅವನ ಕೈ, ಅವನ ಚಾಕು ಕಾಣುತ್ತವೆ.

ಬಡಿಸುವವನ ಕೈಯನ್ನೇ ನೋಡಿ. ಒಂದು ಕೈಯಲ್ಲಿ ಚಾಕು. ಇನ್ನೊಂದು ಕೈಯಲ್ಲಿ ಮಾಂಸವನ್ನು ಹಿಡಿಯುವುದಕ್ಕೆ ಎರಡು ಬೆರಳು, ಒಂದು ಹೆಬ್ಬೆರಳು, ಅಷ್ಟೇ. ಅದಕ್ಕಿಂತ ಹೆಚ್ಚು ಬೆರಳು ತಾಗಬಾರದು ಎಂದು ಆ ಪುಸ್ತಕ ಕಟ್ಟುನಿಟ್ಟಾಗಿ ಹೇಳುತ್ತದೆ. ಆಗ ಇಂಗ್ಲೆಂಡಿನ ಊಟದ ಮೇಜಿಗೆ ಫೋರ್ಕ್ ಬಂದಿರಲಿಲ್ಲ. ಇಟಲಿಯವರು ಮುಳ್ಳುಚಮಚದಲ್ಲಿ ಮಾಂಸ ಹಿಡಿದು ಕೊಯ್ಯುತ್ತಾರೆ ಎಂದು ಪ್ರವಾಸಿ ಥಾಮಸ್ ಕೋರ್ಯಟ್ ಹೊಸ ಸುದ್ದಿಯಂತೆ ಬರೆದದ್ದು 1611ರಲ್ಲಿ. ಒಡೆಯ ಕೈಯಿಂದಲೇ ಉಣ್ಣುವವನಾದ್ದರಿಂದ ಮಾಂಸವೆಲ್ಲ ಬೆರಳಿಗೆ ಸಿಗುವಷ್ಟು ಚಿಕ್ಕದಾಗಿ, ಎಲುಬಿನಿಂದ ಬಿಡಿಸಿ, ಮುಂದಿಡಬೇಕು. ಹಕ್ಕಿ ಹಕ್ಕಿಗೂ ಕೀಲು ಬೇರೆ ಕಡೆ ಇರುತ್ತದೆ. ಕೌಜುಗದಲ್ಲಿ ಮೊದಲು ರೆಕ್ಕೆ ಬಿಡಿಸಬೇಕು, ಅದಕ್ಕೆ ‘ವಿಂಗ್’. ಪಾರಿವಾಳದಲ್ಲಿ ತೊಡೆ, ಅದಕ್ಕೆ ‘ಥೈ’. ಬಿಲದ ಮೊಲವನ್ನು ಬೆನ್ನು ಕೆಳಗಾಗಿ ಮಲಗಿಸಿ, ಹೊಟ್ಟೆಯ ಕಡೆಯಿಂದ ಬಿಡಿಸುತ್ತ ಎರಡೂ ಪಕ್ಕೆಗಳನ್ನು ಎತ್ತುತ್ತಾರೆ. ಕಟ್ಟಿದ ದಾರ ಸಡಿಲಿಸಿದ ಹಾಗೆ, ಹಾಗಾಗಿ ‘ಅನ್‌ಲೇಸ್’. ಏಡಿಗೆ ಬಳಸುವ ‘ಟೇಮ್’ ಎಂದರೆ ಪಳಗಿಸುವುದು ಎಂದು ತಿಳಿದರೆ ದಾರಿ ತಪ್ಪುತ್ತದೆ. ಫ್ರೆಂಚಿನ ‘ಆಂತಾಮೇ’, ಅಂದರೆ ಹೊರಮೈಯನ್ನು ಮೊದಲ ಸಲ ಒಡೆದು ಒಳಹೊಕ್ಕುವುದು, ಮೊದಲಕ್ಷರ ಕಳೆದುಕೊಂಡು ಹೀಗಾಗಿದೆ. ಏಡಿಯ ಚಿಪ್ಪು ಒಡೆದವರಿಗೆ ಗೊತ್ತು, ಆ ಮೊದಲ ಒಡೆತವೇ ಅದರಲ್ಲಿ ಕಷ್ಟದ ಕೆಲಸ.

ಈ ಕೆಲಸ ಕೀಳು ಎಂದು ಆಗ ಯಾರೂ ತಿಳಿದಿರಲಿಲ್ಲ. ಚಾಸರನ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಬರುವ ತರುಣ ಸ್ಕ್ವೈರ್ ತನ್ನ ತಂದೆಯಾದ ನೈಟ್‌ನ ಎದುರು ನಿಂತು ಮಾಂಸ ಕೊಯ್ದು ಬಡಿಸುವವನು. ಕುಲೀನ ಮನೆಯ ಹುಡುಗರು ಇನ್ನೊಬ್ಬ ಕುಲೀನನ ಮನೆಗೆ ಹೋಗಿ ಕಲಿಯುತ್ತಿದ್ದ ವಿದ್ಯೆಗಳಲ್ಲಿ ಇದೂ ಒಂದು. ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿಯ ಮನೆಯಲ್ಲಿ ಊಟದ ಏರ್ಪಾಡು ನೋಡಿಕೊಳ್ಳುತ್ತಿದ್ದ ಜಾನ್ ರಸೆಲ್ ಹದಿನೈದನೇ ಶತಮಾನದಲ್ಲೇ ಇದನ್ನೆಲ್ಲ ಪದ್ಯದಲ್ಲಿ ಬರೆದಿಟ್ಟಿದ್ದ. ಡಿ ವರ್ಡನ ಪುಸ್ತಕದ ಬಹುಪಾಲಿಗೆ ರಸೆಲನ ಪದ್ಯವೇ ಹತ್ತಿರದ ನೆಂಟ.

ಕನ್ನಡದವರಿಗೆ ಈ ಬಗೆಯ ಭೇದ ವಿಚಿತ್ರವಾಗಿ ಕಾಣಬೇಕಿಲ್ಲ. ಹಸುವಿನದು ಸಗಣಿ, ಕುದುರೆಯದು ಆನೆಯದು ಲದ್ದಿ, ಆಡು ಕುರಿಯದು ಹಿಕ್ಕೆ. ಆಡಿನ ಸಗಣಿ ಎಂದವನನ್ನು ಹಳ್ಳಿಯಲ್ಲಿ ಪೇಟೆಯವನು ಎಂದು ಗುರುತು ಹಿಡಿಯುತ್ತಾರೆ. ಇಂಗ್ಲೆಂಡಿನ ಬೇಟೆಗಾರರೂ ಹೀಗೆಯೇ ಬೇರೆ ಮಾಡಿ ಹೇಳುತ್ತಿದ್ದರು. ಜಿಂಕೆಯದು ‘ಫ್ಯೂಮೆಟ್ಸ್’, ಕಾಡುಹಂದಿ ತೋಳಗಳದು ‘ಲೆಸಸ್’, ಮೊಲದ್ದು ‘ಕ್ರೋಟಲ್ಸ್’, ನೀರುನಾಯಿಯದು ‘ಸ್ಪ್ರೇಂಟ್’. ಪ್ರಾಣಿ ಮಲಗುವ ಜಾಗಕ್ಕೂ ಹಾಗೆಯೇ. ಅರಣ್ಯದ ಕಾನೂನುಗಳ ಬಗ್ಗೆ 1598ರಲ್ಲಿ ಪುಸ್ತಕ ಬರೆದ ವಕೀಲ ಜಾನ್ ಮ್ಯಾನ್‌ವುಡ್ ಇವನ್ನೂ ಕಾನೂನಿನಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದಾನೆ. ಗಂಡು ಕೆಂಪುಜಿಂಕೆ ‘ಹಾರ್ಬರ್’ ಆಗುತ್ತದೆ, ಚುಕ್ಕೆಯ ಫ್ಯಾಲೋ ಜಿಂಕೆ ‘ಲಾಡ್ಜ್’ ಆಗುತ್ತದೆ, ಹಂದಿ ‘ಕೌಚ್’, ನರಿ ‘ಕೆನಲ್’, ಬ್ಯಾಜರ್ ‘ಅರ್ಥ್’, ಮರ ಹತ್ತುವ ಮಾರ್ಟನ್ ‘ಟ್ರೀ’. ಎಬ್ಬಿಸುವಾಗ ಮತ್ತೆ ಬೇರೆ: ಕೆಂಪುಜಿಂಕೆಯನ್ನು ‘ಅನ್‌ಹಾರ್ಬರ್’ ಮಾಡಬೇಕು, ಫ್ಯಾಲೋ ಜಿಂಕೆಯನ್ನು ‘ರೌಸ್’, ಮೊಲವನ್ನು ‘ಸ್ಟಾರ್ಟ್’, ನರಿಯನ್ನು ‘ಅನ್‌ಕೆನಲ್’, ಹಂದಿಯನ್ನು ‘ರಿಯರ್’.

ಇವುಗಳಲ್ಲಿ ಬಹಳಷ್ಟು ಫ್ರೆಂಚ್ ಮೂಲದವು, ಅದಕ್ಕೆ ಕಾರಣ 1066. ನಾರ್ಮಂಡಿಯಿಂದ ಬಂದು ಗೆದ್ದ ವಿಲಿಯಂ ಇಂಗ್ಲೆಂಡಿನ ಕಾಡುಗಳನ್ನು ತನ್ನ ಬೇಟೆಗೆ ಮೀಸಲಿಟ್ಟ. ‘ಫಾರೆಸ್ಟ್’ ಎಂಬ ಪದಕ್ಕೆ ಆಗ ಮರಗಳ ಗುಂಪು ಎಂಬುದಕ್ಕಿಂತ ಅರಸನ ಬೇಟೆಯ ಕಾನೂನು ನಡೆಯುವ ಸೀಮೆ ಎಂಬ ಅರ್ಥವೇ ಮುಖ್ಯ. ಒಳಗೆ ಹೊಲವಿರಬಹುದು, ಊರಿರಬಹುದು; ಅಲ್ಲಿನ ಹಸಿರೂ ಅರಸನದು, ಜಿಂಕೆಯೂ ಅರಸನದು. ಜಿಂಕೆ ಕೊಂದವನ ಕಣ್ಣು ಕೀಳಿಸುತ್ತಿದ್ದ ಎಂದು ಆ ಕಾಲದ ಆಂಗ್ಲೋ ಸ್ಯಾಕ್ಸನ್ ವೃತ್ತಾಂತ ವಿಲಿಯಂನ ಮರಣದ ವರ್ಷ, 1087ರಡಿ, ಸಿಟ್ಟಿನಿಂದ ಬರೆದಿಟ್ಟಿದೆ. ಜಿಂಕೆಗಾಗಿ ಯಾರ ಪ್ರಾಣವನ್ನೂ ಅಂಗವನ್ನೂ ತೆಗೆಯಕೂಡದು ಎಂಬ ಮಾತು ಕಾನೂನಿಗೆ ಬರಲು 1217ರ ಅರಣ್ಯ ಸನದಿನವರೆಗೆ ಕಾಯಬೇಕಾಯಿತು. ಕಾಡು ಅರಸನದಾದ ಮೇಲೆ ಕಾಡಿನ ಮಾತೂ ಅರಮನೆಯ ಫ್ರೆಂಚಾಯಿತು. ಎರಡನೇ ಎಡ್ವರ್ಡನ ಬೇಟೆಗಾರ ವಿಲಿಯಂ ಟ್ವಿಟಿ ಇಂಗ್ಲೆಂಡಿನಲ್ಲೇ ಇದ್ದು ತನ್ನ ವಿದ್ಯೆಯ ಬಗ್ಗೆ ಬರೆದದ್ದು ಫ್ರೆಂಚಿನಲ್ಲಿ. ಮುಂದೆ ಯಾರ್ಕ್‌ನ ಡ್ಯೂಕ್ ಎಡ್ವರ್ಡ್, ಫ್ರಾನ್ಸಿನ ಗಾಸ್ತೋಂ ಫೇಬುಸ್ ಬರೆದ ದೊಡ್ಡ ಬೇಟೆಗ್ರಂಥವನ್ನು ‘ದಿ ಮಾಸ್ಟರ್ ಆಫ್ ಗೇಮ್’ ಎಂಬ ಹೆಸರಲ್ಲಿ ಇಂಗ್ಲಿಷಿಗೆ ತಂದು, ತನ್ನದೂ ಕೆಲವು ಅಧ್ಯಾಯ ಸೇರಿಸಿದ. 1415ರಲ್ಲಿ ಅಜಿನ್‌ಕೋರ್ಟ್ ಯುದ್ಧದಲ್ಲಿ ಸತ್ತವನು ಇವನೇ.

ಆ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇಟೆಗೆ ಮುಂಚಿನ ಬೆಳಗು. ಅರಸು ಮಕ್ಕಳು ಇನ್ನೂ ಎದ್ದಿಲ್ಲ. ಒಬ್ಬ ಆಳು, ಹಗ್ಗ ಕಟ್ಟಿದ, ಬೊಗಳದ ಒಂದು ವಾಸನೆ ನಾಯಿಯನ್ನು ಹಿಡಿದು, ನಸುಕಿನಲ್ಲಿ ಒಬ್ಬನೇ ಕಾಡಿಗೆ ಹೋಗುತ್ತಾನೆ. ಹೆಜ್ಜೆಗುರುತು ಎಷ್ಟು ಅಗಲ, ಗೊರಸಿನ ತುದಿ ಸವೆದಿದೆಯೋ ಚೂಪಾಗಿದೆಯೋ, ಕೊಂಬು ಉಜ್ಜಿದ ಮರದ ತೊಗಟೆ ಎಷ್ಟು ಎತ್ತರದವರೆಗೆ ಸುಲಿದಿದೆ, ನುಗ್ಗಿ ಹೋದ ಪೊದೆಯ ರೆಂಬೆ ಯಾವ ಕಡೆಗೆ ಬಾಗಿದೆ ಎಂದು ನೋಡುತ್ತಾನೆ. ಹಿಕ್ಕೆ ಸಿಕ್ಕರೆ ಆರಿಸಿ, ತನ್ನ ಊದುಗೊಂಬಿನೊಳಗೆ ಹಾಕಿ, ಬೀಳದಂತೆ ಹುಲ್ಲು ತುರುಕುತ್ತಾನೆ. ಅಷ್ಟರಲ್ಲಿ ಕಾಡಂಚಿನ ಬಯಲಲ್ಲಿ ಬಟ್ಟೆ ಹಾಸಿ ಎಲ್ಲರೂ ಊಟಕ್ಕೆ ಸೇರಿರುತ್ತಾರೆ. ಇಂಥ ಆಳುಗಳು ಬೇರೆ ಬೇರೆ ದಿಕ್ಕಿನಿಂದ ಬಂದು ತಂದದ್ದನ್ನು ಒಡೆಯನ ಮುಂದೆ ಇಡುತ್ತಾರೆ. ಗಾತ್ರ, ಬಣ್ಣ, ಒದ್ದೆ, ಆಕಾರ ನೋಡಿ ಯಾವ ಜಿಂಕೆ ಬೇಟೆಗೆ ತಕ್ಕದ್ದು ಎಂದು ತೀರ್ಮಾನವಾಗುತ್ತದೆ. 1575ರಲ್ಲಿ ಅಚ್ಚಾದ, ಬಹುಕಾಲ ಜಾರ್ಜ್ ಟರ್ಬರ್‌ವಿಲ್‌ನದು ಎಂದೂ ಈಗ ಜಾರ್ಜ್ ಗ್ಯಾಸ್ಕೊಯ್ನ್‌ನದು ಎಂದೂ ಬಲ್ಲವರು ಹೇಳುವ ಬೇಟೆಯ ಪುಸ್ತಕದಲ್ಲಿ ಇದರ ಮರದಚ್ಚಿನ ಚಿತ್ರವಿದೆ: ಎಲಿಜಬೆತ್ ರಾಣಿಯ ಮುಂದೆ ಬೇಟೆಗಾರ ಮಂಡಿಯೂರಿದ್ದಾನೆ. 1611ರ ಮರುಮುದ್ರಣದಲ್ಲಿ ಆ ಅಚ್ಚಿನಿಂದ ರಾಣಿಯನ್ನು ಕೊರೆದು ತೆಗೆದು, ಅಲ್ಲಿಗೆ ಒಂದನೇ ಜೇಮ್ಸ್‌ನನ್ನು ಕೂರಿಸಿದರು. ಒಡೆಯರು ಬದಲಾದರು, ಮಂಡಿಯೂರಿದವನು ಮಾತ್ರ ಹಾಗೆಯೇ ಉಳಿದ.

ವಯಸ್ಸಿಗೂ ಹೆಸರುಗಳಿದ್ದವು. ಕೆಂಪುಜಿಂಕೆಯ ಗಂಡು ಮೊದಲ ವರ್ಷ ಕಾಫ್, ಎರಡನೆಯದಕ್ಕೆ ಬ್ರಾಕೆಟ್, ಮೂರಕ್ಕೆ ಸ್ಪೇಯಡ್, ನಾಲ್ಕಕ್ಕೆ ಸ್ಟ್ಯಾಗರ್ಡ್, ಐದಕ್ಕೆ ಸ್ಟ್ಯಾಗ್. ಆರನೆಯದರಲ್ಲಿ ಮಾತ್ರ ಅದು ಹಾರ್ಟ್. ಫ್ಯಾಲೋ ಜಿಂಕೆಗೆ ಫಾನ್, ಪ್ರಿಕೆಟ್, ಸೋರೆಲ್, ಸೋರ್, ಮೊದಲ ತಲೆಯ ಬಕ್, ಕೊನೆಗೆ ಬಕ್. ಮೊದಲಿಗೆ ಇವು ಅಲಂಕಾರಕ್ಕೆ ಇಟ್ಟ ಹೆಸರುಗಳಾಗಿರಲಾರವು. ಎಳೆಯದನ್ನು ಬಿಟ್ಟು ಬಲಿತದ್ದನ್ನೇ ಹೊಡೆಯಬೇಕಾದರೆ ದೂರದಿಂದ, ಎಲೆಗಳ ಸಂದಿಯಿಂದ, ಕೊಂಬಿನ ಕವಲು ನೋಡಿಯೇ ವರ್ಷ ಹೇಳುವವನು ಬೇಕು. ಹಾಗೆ ನೋಡಿದ್ದನ್ನು ಇನ್ನೊಬ್ಬನಿಗೆ ಒಂದೇ ಉಸಿರಿಗೆ ಹೇಳುವುದಕ್ಕೆ ಪದ ಬೇಕು.

ಜಿಂಕೆ ಬಿದ್ದ ಮೇಲಿನ ಕೆಲಸಕ್ಕೆ ‘ಅನ್‌ಡೂ’ ಎನ್ನುತ್ತಿದ್ದರು. ಹದಿನಾಲ್ಕನೇ ಶತಮಾನದ ‘ಸರ್ ಗವೇನ್ ಅಂಡ್ ದಿ ಗ್ರೀನ್ ನೈಟ್’ ಕಾವ್ಯದ ಕವಿ ಇದನ್ನು ಸಾಲುಸಾಲಾಗಿ ವರ್ಣಿಸುತ್ತಾನೆ. ಕಸುಬು ಕಣ್ಣಾರೆ ಕಾಣದವನು ಹಾಗೆ ಬರೆಯಲಾರ. ಮೊದಲು ಎದೆಯಲ್ಲಿ ಸೀಳಿ ಕೊಬ್ಬು ಎಷ್ಟು ಬೆರಳು ದಪ್ಪ ಎಂದು ಅಳೆಯಬೇಕು, ಅದಕ್ಕೆ ‘ಅಸ್ಸೇ’. ಆ ಕಾವ್ಯದಲ್ಲಿ ಕೊಬ್ಬು ಎರಡು ಬೆರಳು ದಪ್ಪವಿತ್ತು. ಆಮೇಲೆ ಚರ್ಮ, ಭುಜ, ಪಕ್ಕೆ, ಕರುಳು ಕ್ರಮವಾಗಿ. ಎದೆಮೂಳೆಯ ತುದಿಯಲ್ಲಿ ಒಂದು ಮೆದು ಎಲುಬಿದೆ. ಅದನ್ನು ಕೊಯ್ದು ಮರದ ಮೇಲೆ ಕಾದು ಕೂತ ಕಾಗೆಗೆ ಎಸೆಯಬೇಕು. ಅದರ ಹೆಸರೇ ‘ರೇವನ್ಸ್ ಬೋನ್’. ಕರುಳನ್ನು ರಕ್ತದಲ್ಲಿ ನೆನೆಸಿದ ರೊಟ್ಟಿಯ ಜೊತೆ ಸುಲಿದ ಚರ್ಮದ ಮೇಲೆ ಹರಡಿ ನಾಯಿಗಳಿಗೆ ಬಿಡುತ್ತಿದ್ದರು. ಬೇಟೆಯ ಪ್ರಾಣಿ ಎಂಬರ್ಥದ ‘ಕ್ವಾರಿ’ ಹುಟ್ಟಿದ್ದು ಈ ನಾಯಿಗಳ ಪಾಲಿನಿಂದ. ಒಳ ಅಂಗಗಳಿಗೆ ‘ನಂಬಲ್ಸ್’ ಅನ್ನುತ್ತಿದ್ದರು, ಬಾಯಲ್ಲಿ ಉರುಳಿ ‘ಅಂಬಲ್ಸ್’ ಆಯಿತು. ಅದರ ಕಡುಬನ್ನು 1660ರ ದಶಕದಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಉಂಡು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ.

ಕಾಡಿಗೆ ಹೋಗುವವನ ಈ ಮಾತುಗಳು ಒಡೆಯರ ಬಾಯಿಗೆ ಬಂದು ಬೇಲಿಯಾದವು. ಥಾಮಸ್ ಮೆಲೊರಿಯ ಆರ್ಥರ್ ಕಥೆಗಳನ್ನು ಕ್ಯಾಕ್ಸ್‌ಟನ್ ಅಚ್ಚು ಹಾಕಿದ್ದು 1485ರಲ್ಲಿ. ಅದರಲ್ಲಿ ಬೇಟೆಯ ಮಾತುಗಳನ್ನೆಲ್ಲ ಹುಟ್ಟಿಸಿದವನು ಸರ್ ಟ್ರಿಸ್ಟ್ರಮ್ ಎಂದೂ, ಕುಲೀನ ಯಾರು, ರೈತ ಯಾರು ಎಂದು ಆ ಮಾತಿನಿಂದಲೇ ತಿಳಿಯುತ್ತದೆ ಎಂದೂ ಇದೆ. ಮರುವರ್ಷವೇ ಸೇಂಟ್ ಆಲ್ಬನ್ಸ್ ಊರಿನಲ್ಲಿ, ಹೆಸರು ತಿಳಿಯದ ಒಬ್ಬ ಶಾಲಾಮಾಸ್ತರ ಗಿಡುಗ ಸಾಕಣೆ, ಬೇಟೆ, ಕುಲಚಿಹ್ನೆ ಮೂರನ್ನೂ ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿದ. ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಎಂದೇ ಅದು ಪ್ರಸಿದ್ಧ. ಬೇಟೆಯ ಭಾಗದ ಕೊನೆಯಲ್ಲಿ ಡೇಮ್ ಜೂಲಿಯನ್ಸ್ ಬಾರ್ನ್ಸ್ ಎಂಬ ಹೆಂಗಸಿನ ಹೆಸರಿದೆ. ಆಕೆ ಸಾಪ್‌ವೆಲ್ ಸನ್ಯಾಸಿನಿ ಮಠದ ಮುಖ್ಯಸ್ಥೆ ಎಂದು ತಲೆಮಾರುಗಟ್ಟಲೆ ಹೇಳಿಕೊಂಡು ಬಂದರೂ ಮಠದ ದಾಖಲೆಗಳಲ್ಲಿ ಆಧಾರವಿಲ್ಲ. ಅಚ್ಚಿನ ಪುಸ್ತಕ ಬಂದದ್ದೇ ತಡ, ಕಾಡು ಕಾಣದವರೂ ಕೊಂಡು ಬಾಯಿಪಾಠ ಮಾಡತೊಡಗಿದರು. ಬೆನ್ ಜಾನ್ಸನ್ನನ ನಾಟಕವೊಂದರಲ್ಲಿ ಹಳ್ಳಿಯ ತರುಣ ಸ್ಟೀಫನ್ ಗಿಡುಗ ಕೊಂಡಿದ್ದಾನೆ, ಅದರ ಟೋಪಿ ಗೆಜ್ಜೆ ಎಲ್ಲ ಕೊಂಡಿದ್ದಾನೆ; ಇನ್ನು ಬೇಕಾದದ್ದು ಅದನ್ನು ಸಾಕುವುದು ಹೇಗೆಂದು ಹೇಳುವ ಪುಸ್ತಕ. ಆ ಭಾಷೆ ಬಾರದವನನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ ಎಂಬುದು ಅವನ ಅಳಲು.

ಶೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದ ನಾಲ್ಕನೇ ಅಂಕವನ್ನು ಎಂ.ಎ. ತರಗತಿಯಲ್ಲಿ ಯಾರೂ ನಮಗೆ ಪಾಠ ಮಾಡಲಿಲ್ಲ, ನಾನೇ ಓದಿಕೊಂಡದ್ದು. ರಾಜಕುಮಾರಿ ಒಂದು ಜಿಂಕೆ ಹೊಡೆದಿದ್ದಾಳೆ. ಪಂಡಿತ ಹೊಲೊಫರ್ನಿಸ್ ಲ್ಯಾಟಿನ್ ಉದುರಿಸುತ್ತಾನೆ, ಪಾದ್ರಿ ನಥಾನಿಯಲ್ ಅದು ಮೊದಲ ತಲೆಯ ಬಕ್ ಎನ್ನುತ್ತಾನೆ. ಡಲ್ ಎಂಬ ಹಳ್ಳಿಯ ಕಾನ್‌ಸ್ಟೇಬಲ್, ಅಕ್ಷರ ಗೊತ್ತಿಲ್ಲದವನು, ಅದು ಪ್ರಿಕೆಟ್ ಅಷ್ಟೇ ಎಂದು ಪಟ್ಟು ಬಿಡುವುದಿಲ್ಲ. ಪಂಡಿತ ಅವನನ್ನು ಜರೆಯುತ್ತಾನೆ. ಸಭಿಕರು ನಗುವುದು ಡಲ್‌ನ ಪೆದ್ದುತನಕ್ಕೆ ಎಂದು ವಿಮರ್ಶೆಗಳಲ್ಲಿ ಓದಿದ್ದೇನೆ. ನನಗೆ ಅವನ ಮೇಲೆ ಗೌರವ. ಎರಡು ವರ್ಷದ ಜಿಂಕೆಯ ಕವಲಿಲ್ಲದ ಕೊಂಬನ್ನು ಕಣ್ಣಿಂದ ಕಂಡು ಬಲ್ಲವನು ಆ ಮೂವರಲ್ಲಿ ಅವನೊಬ್ಬನೇ.

ನನಗೆ ಹಾಗೆ ಅನಿಸುವುದಕ್ಕೆ ನಾನು ಬೆಳೆದ ಮನೆ ಕಾರಣ. ತೀರ್ಥಹಳ್ಳಿ ಸೀಮೆಯ ಒಂಟಿಮನೆ ಅದು. ಅಪ್ಪಯ್ಯನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಬೇಸಿಗೆಯಲ್ಲಿ ಹಂದಿ ಶಿಕಾರಿಗೆ ಹೊರಟರೆ ಕೋವಿ ಇದ್ದವರು ಹಂದಿ ಹಾಯುವ ದಾರಿ ಕಾದು ಬಿಲ್ಲಿಗೆ ನಿಲ್ಲುತ್ತಿದ್ದರು, ಉಳಿದವರು ಹಂದಿ ಎಬ್ಬಿಸಲು ಹಳು ನುಗ್ಗುತ್ತಿದ್ದರು. ಆದರೆ ಹಂದಿ ಯಾವ ಹಳುವಿನಲ್ಲಿದೆ ಎಂದು ಹೇಳುತ್ತಿದ್ದವನು ಬೈರಣ್ಣ, ನಮ್ಮ ತೋಟದ ಆಳು, ಕೋವಿ ಇಲ್ಲದವನು. ಅಡಿಕೆ ತೋಟದ ಕಾದಿಗೆಯ ಬದಿಯಲ್ಲಿ ಕೆಸರಿನ ಮೇಲಿನ ಹೆಜ್ಜೆಯ ಹತ್ತಿರ ಅವನು ಕುಕ್ಕರಗಾಲಲ್ಲಿ ಕೂತು, ಅಂಚನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿ, “ಇದು ರಾತ್ರಿದಲ್ಲ ಅಮ್ಮ, ಬೆಳಗಿನ ಜಾವದ್ದು. ಒಳಗೆ ನೀರು ಇನ್ನೂ ತಿಳಿಯಾಗಿಲ್ಲ” ಎಂದದ್ದು ನೆನಪಿದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ನಿಂತಿತು. ನಿಲ್ಲಬೇಕಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ನನ್ನ ದುಃಖವೆಲ್ಲ ಬೈರಣ್ಣನ ಕಣ್ಣಿನ ಬಗ್ಗೆ. ಊರಲ್ಲಿ ಇಂದಿಗೂ ಹೇಳುವ ಕಥೆಗಳಲ್ಲಿ ಯಾರ ಕೋವಿ, ಯಾರ ಈಡು ಎಂಬುದೇ ಬರುತ್ತದೆ.

ಇಂಗ್ಲಿಷಿನಲ್ಲೂ ಹೀಗೇ ಆಯಿತು. ಸೇಂಟ್ ಆಲ್ಬನ್ಸ್ ಪುಸ್ತಕದಿಂದ ಲೋಕವೆಲ್ಲ ಎತ್ತಿಕೊಂಡದ್ದು ಗುಂಪುಗಳ ಪಟ್ಟಿಯನ್ನು. 160ಕ್ಕೂ ಹೆಚ್ಚು ಮಾತುಗಳಿವೆ ಅದರಲ್ಲಿ: ಸಿಂಹಗಳ ‘ಪ್ರೈಡ್’, ಬಾನಾಡಿಗಳ ‘ಎಕ್ಸಾಲ್ಟೇಶನ್’, ಕಾಡುಕಾಗೆಗಳ ‘ಅನ್‌ಕೈಂಡ್‌ನೆಸ್’, ಸನ್ಯಾಸಿನಿಯರ ‘ಸೂಪರ್‌ಫ್ಲೂಯಿಟಿ’. ಹಲವು ಅಂದಿಗೂ ವಿನೋದಕ್ಕೆಂದೇ ಕಟ್ಟಿದವು. ಇವುಗಳಲ್ಲಿ ಎಷ್ಟೋ ಗುಂಪಿನ ಹೆಸರುಗಳೇ ಅಲ್ಲ, ಆಯಾ ಪ್ರಾಣಿಗೆ ಒಪ್ಪುವ ಗುಣವೋ ಕ್ರಿಯೆಯೋ ಎಂದು ಜಾನ್ ಹಾಡ್ಜ್‌ಕಿನ್ ಸುಮಾರು ನೂರು ವರ್ಷದ ಹಿಂದೆ ಫಿಲಲಾಜಿಕಲ್ ಸೊಸೈಟಿಗಾಗಿ ಒಂದೊಂದನ್ನೂ ಬಿಡಿಸಿ ತೋರಿಸಿದ್ದಾನೆ. ಆದರೂ ಇಂದು ರಸಪ್ರಶ್ನೆಗಳಲ್ಲಿ, ನಮ್ಮ ಶಾಲೆಗಳ ಇಂಗ್ಲಿಷ್ ವ್ಯಾಕರಣ ಪುಸ್ತಕಗಳಲ್ಲಿ ಬದುಕಿರುವುದು ಇವೇ. ಮಕ್ಕಳು ಸಿಂಹಗಳ ಪ್ರೈಡ್ ಎಂದು ಉರು ಹೊಡೆಯುತ್ತಾರೆ. ಗೊರಸಿನ ಸವೆತ ನೋಡಿದವರ ಪದಗಳು, ಕೀಲು ಹುಡುಕಿದವರ ಪದಗಳು ನಿಘಂಟಿಗೆ ಸೇರಿದವು.

ಅವು ಸಾಯುವುದಕ್ಕೆ ಕಾರಣಗಳು ಸರಳ. 1640ರ ದಶಕದ ಅಂತರ್ಯುದ್ಧದಲ್ಲಿ ಒಡೆಯರು ಜಿಂಕೆ ಬಿಟ್ಟಿದ್ದ ಉದ್ಯಾನಗಳ ಬೇಲಿ ಮುರಿದು ಜಿಂಕೆಗಳನ್ನು ತಿಂದು ಹಾಕಿದರು. ಮುಂದಿನ ಶತಮಾನದಲ್ಲಿ ಕುಲೀನರ ಬೇಟೆ ನರಿಯ ಕಡೆಗೆ ತಿರುಗಿತು. ಊಟದ ಮೇಜಿಗೆ ಫೋರ್ಕ್ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯನ್ ಪದ್ಧತಿ ಎಂದು ಅಡುಗೆಮನೆಯಲ್ಲೇ ಕೊಯ್ದು ತಟ್ಟೆಗೆ ಹಾಕಿ ತರುವ ರೂಢಿ ಬಂದಮೇಲೆ ಹಂಸವನ್ನು ‘ಲಿಫ್ಟ್’ ಮಾಡುವವನಿಗೆ ನಿಲ್ಲುವ ಜಾಗವೇ ಇಲ್ಲವಾಯಿತು. ಜರ್ಮನಿಯಲ್ಲಿ ಬೇಟೆಗಾರರ ಭಾಷೆ ಇಂದಿಗೂ ಚಾಲ್ತಿಯಲ್ಲಿದೆ; ಪ್ರಾಣಿಯ ರಕ್ತಕ್ಕೆ ಅವರು ಬೆವರು ಎಂದೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ‘ಫ್ಯೂಮೆಟ್ಸ್’ ಕೊನೆಯದಾಗಿ ದೊಡ್ಡದಾಗಿ ಕೇಳಿಸಿದ್ದು ಟಿ.ಎಚ್. ವೈಟ್ 1938ರಲ್ಲಿ ಬರೆದ ‘ದಿ ಸೋರ್ಡ್ ಇನ್ ದಿ ಸ್ಟೋನ್’ ಕಾದಂಬರಿಯಲ್ಲಿ, ಕೈಗೆ ಸಿಗದ ಮೃಗದ ಬೆನ್ನು ಹತ್ತಿದ ರಾಜ ಪೆಲ್ಲಿನೋರನ ಬಾಯಲ್ಲಿ.

ಒಂದು ಪದ ಮಾತ್ರ ಕೆಲಸದಲ್ಲೇ ಉಳಿಯಿತು, ನೀರುನಾಯಿಯ ‘ಸ್ಪ್ರೇಂಟ್’. ಹಳೆಯ ಫ್ರೆಂಚಿನಲ್ಲಿ ಹಿಂಡು ಎಂಬರ್ಥದ ಧಾತುವಿನಿಂದ ಬಂದದ್ದು. ಕಲ್ಲಿನ ಮೇಲೆ, ಸೇತುವೆಯ ಕೆಳಗೆ, ಮೀನಿನ ಮುಳ್ಳು ಮತ್ತು ಹುರುಪೆ ತುಂಬಿದ ಕಪ್ಪು ಉಂಡೆ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಹೊಳೆಗಳಲ್ಲಿ ನೀರುನಾಯಿಗಳು ಕಾಣೆಯಾಗತೊಡಗಿದವು. ಎಂದಿನಿಂದ, ಎಲ್ಲೆಲ್ಲಿ ಎಂದು ಪಾಲ್ ಚಾನಿನ್ ಮತ್ತು ಡಾನ್ ಜೆಫರೀಸ್ ಎಂಬ ವಿಜ್ಞಾನಿಗಳು 1978ರಲ್ಲಿ ತೋರಿಸಿಕೊಟ್ಟದ್ದು ನೀರುನಾಯಿ ಬೇಟೆಯ ತಂಡಗಳು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ. ಬಿತ್ತನೆ ಬೀಜಕ್ಕೆ ಹಚ್ಚುತ್ತಿದ್ದ ಡೀಲ್ಡ್ರಿನ್‌ನಂಥ ಕೀಟನಾಶಕಗಳ ವಿಷ ಮೀನಿನ ಮೂಲಕ ಅವುಗಳ ಒಡಲು ಸೇರಿತ್ತು. ಅದೇ 1978ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೀರುನಾಯಿಗೆ ಕಾನೂನಿನ ರಕ್ಷಣೆ ಸಿಕ್ಕಿತು. 1977ರಿಂದ 1979ರವರೆಗೆ ಇಂಗ್ಲೆಂಡಿನ ಮೊದಲ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ನೀರುನಾಯಿ ಹಗಲು ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಸಮೀಕ್ಷೆಗೆ ಹೋದವರು ಹೊಳೆಯ ದಡ ಹಿಡಿದು, ಸೇತುವೆಗಳ ಕೆಳಗೆ ಬಗ್ಗಿ, ಹುಡುಕಿದ್ದು ಸ್ಪ್ರೇಂಟನ್ನು. ಒಣಹುಲ್ಲಿನಂತೆ, ಮಲ್ಲಿಗೆ ಹಾಕಿದ ಚಹದಂತೆ ಅದಕ್ಕೊಂದು ವಾಸನೆಯಿದೆ ಎನ್ನುತ್ತಾರೆ, ಮೂಸಿ ನೋಡಿಯೇ ಖಾತ್ರಿ ಮಾಡಿಕೊಳ್ಳುವವರು. ವಿಷದ ಬಳಕೆ ನಿಂತು, ಹೊಳೆಗಳು ತಿಳಿಯಾದ ಹಾಗೆ ಗುರುತುಗಳು ಹೆಚ್ಚುತ್ತ ಬಂದು, 2011ರಲ್ಲಿ ಕೆಂಟ್‌ನಲ್ಲೂ ಸಿಕ್ಕವು. ಇಂಗ್ಲೆಂಡಿನ ಎಲ್ಲ ಕೌಂಟಿಗಳಿಗೂ ನೀರುನಾಯಿ ಮರಳಿದೆ ಎಂದು ಅಲ್ಲಿನ ಪರಿಸರ ಇಲಾಖೆ ಪ್ರಕಟಿಸಿದ್ದು ಆಗಲೇ. ಈಗಲೂ ಹೊಳೆಯ ಸಮೀಕ್ಷೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲ ದಿನ ಕಲಿಯುವ ಪದಗಳಲ್ಲಿ ಅದೊಂದು.